ಹಾಳೆಯ ಮೇಲಿನ ಎರಡನೇ ಗೆರೆ

"ಅತ್ತೆ, ನಮ್ಮಣ್ಣನ್ನ ಕಳ್ಳನ ಹಾಗೆ ಬಾಗಿಲ ಹೊರಗೆ ನಿಲ್ಲಿಸಿದಾರೆ! ಈಗಲೇ ಬರಬೇಕು ನೀನು."

ತಮ್ಮ ಮೆಟ್ಟಿಲು ಹಾರಿಕೊಂಡು ಬಂದಿದ್ದ. ಸಿಟ್ಟಿಗೆ ಅವನ ಬಾಯಿಂದ ಮಾತಿಗಿಂತ ಉಗುಳೇ ಹೆಚ್ಚು ಬರುತ್ತಿತ್ತು. ಅತ್ತೆ ವಿಮಾ ಕಂಪನಿಗಾಗಿ ಸುಟ್ಟ ಕಾರ್ಖಾನೆಗಳ ಬೂದಿ ಕೆದಕಿ ನಿವೃತ್ತಳಾದವಳು. ಹಿಡಿದದ್ದನ್ನು ಬಿಡದ ಅವಳಿಗೆ ನೆಂಟರಿಟ್ಟ ಹೆಸರು ಜಿಗಣೆ ಅತ್ತೆ. ಅವಳ ಸ್ಕೂಟರಿನ ಸಾರಥಿ, ನೆರಳು ಎಲ್ಲ ಈ ತಮ್ಮನೇ.

"ಉಗುಳು ನುಂಗಿ ಹೇಳು," ಎಂದಳು ಅತ್ತೆ, ಚಪ್ಪಲಿ ಮೆಟ್ಟುತ್ತಾ.

ಅಣ್ಣನ ಕೆಲಸ ಹಾಳೆಗೆ ಹಿಂಸೆ ಕೊಡುವುದು. ಜಲಜನಕದಿಂದ ಕರೆಂಟು ತೆಗೆಯುವ ಕೋಶದೊಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದಿರುತ್ತದೆ. ಅತ್ತಲ ಅನಿಲ ಇತ್ತ ನುಗ್ಗದಂತೆ ತಡೆಯುವುದು ಅದೇ. ಒದ್ದೆಯಾದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಅಣ್ಣ ಅದನ್ನು ರಬ್ಬರ್ ಚೌಕಟ್ಟುಗಳ ನಡುವೆ ಬಿಗಿದು, ಒದ್ದೆ ಗಾಳಿ, ಒಣ ಗಾಳಿ ಒಂದಾದ ಮೇಲೊಂದು ಊದಿಸಿ, ಎಲ್ಲಿಯವರೆಗೆ ತಾಳುತ್ತದೆಂದು ನೋಡುತ್ತಿದ್ದ. ಬಸ್ಸುಗಳಿಗೆ ಹೋಗಬೇಕಿದ್ದ ಹೊಸ ಹಾಳೆ, ಅವನು ರಜೆ ಮುಗಿಸಿ ಬರುವಷ್ಟರಲ್ಲಿ ಸೋರುತ್ತಿತ್ತು. ಎಲ್ಲರೆದುರು ಒಣಗಿಸಿ ಬಿಚ್ಚಿದರೆ ನಟ್ಟನಡುವೆ ಪಿನ್ನಿನ ತೂತು. ಅಣ್ಣನ ಅಂಗಿಗೋ ಗುಂಡಿಯ ಜಾಗದಲ್ಲಿ ಸದಾ ಪಿನ್ನು. ಮ್ಯಾನೇಜರಿಗೆ ಅಷ್ಟು ಸಾಕಾಯಿತು.

ಪರೀಕ್ಷೆಯ ಕೋಣೆಯ ಬೀಗದ ಕೈ ಮೂವರ ಬಳಿ ಇತ್ತು: ಅಣ್ಣ, ಮ್ಯಾನೇಜರ್, ಹಾಳೆ ಮಾಸ್ತರು. ಹೊಸ ಹಾಳೆ ಮಾಡಿದವರು ಮಾಸ್ತರೇ. ಅಣ್ಣನನ್ನು ಈ ಕೆಲಸಕ್ಕೆ ಕರೆತಂದವರೂ ಅವರೇ. ಹಾಳೆಗಳನ್ನು ನೀರಿನ ತಟ್ಟೆಯಲ್ಲೇ ಇಟ್ಟು, ನೀರಲ್ಲೇ ಎತ್ತಿ, ನೀರಲ್ಲೇ ಕತ್ತರಿಸುತ್ತಿದ್ದ ಅವರ ಬೆರಳುಗಳು ಸುಕ್ಕುಗಟ್ಟಿದ್ದವು.

"ಹಾಳೇನ ಎಷ್ಟು ಸಲ ಬಿಗಿದೆ?" ಕಂಪನಿಗೆ ಬಂದಿಳಿದ ಅತ್ತೆ ಅಣ್ಣನನ್ನು ಒಳಗೆ ಕರೆಸಿ ಕೇಳಿದಳು.

"ಒಂದೇ ಸಲ. ಒಣಗಿಸಿ ಬಿಗಿದೆ. ಒದ್ದೆ ಬಿಗಿದ್ರೆ ಕುಗ್ಗೋವಾಗ ಜಗ್ಗಿ ಅಂಚು ಹರಿಯುತ್ತೆ."

ಅವಳು ಮ್ಯಾನೇಜರ ಕೈಗೆ ಪಾನಾ ಕೊಟ್ಟು ಬೋಲ್ಟ್ ಬಿಗಿಸಲು ಹೇಳಿದಳು. ಆತ ಉಲ್ಟಾ ತಿರುಗಿಸಿ ಬಿಚ್ಚತೊಡಗಿದ.

"ಬಿಡಿ ಸಾರ್, ನಿಮ್ಮ ಮೇಲೆ ಅನುಮಾನ ಪಡೋದೂ ದಂಡ," ಎಂದಳು ಅತ್ತೆ.

ತಮ್ಮ ಕಿಸಕ್ಕನೆ ನಕ್ಕ. ಅಣ್ಣ ನಗಲಿಲ್ಲ.

ಅತ್ತೆ ಎಲ್ಲರನ್ನೂ ಮೇಜಿನ ಸುತ್ತ ಕರೆದು, ತೂತುಬಿದ್ದ ಆ ಒಣ ಹಾಳೆಯ ಮೇಲೆ ರಬ್ಬರ್ ಚೌಕಟ್ಟನ್ನಿಟ್ಟಳು. ಹಾಳೆಯಲ್ಲಿ ಒತ್ತಿದ ಗೆರೆಗಳು ಎರಡು. ಹೊರಗಿನದು ಚೌಕಟ್ಟಿಗೆ ಸರಿಯಾಗಿ ಕೂತಿತು, ಒಳಗಿನದು ಚಿಕ್ಕದು.

"ಎರಡು ಗೆರೆ ಅಂದ್ರೆ ಎರಡು ಸಲ ಬಿಗಿದಿದಾರೆ. ಚೌಕಟ್ಟು ಒಂದೇ, ಗೆರೆ ಯಾಕೆ ಚಿಕ್ಕದು?"

ಹಾಳೆಯನ್ನು ನೀರಿನ ತಟ್ಟೆಗೆ ಇಳಿಬಿಟ್ಟಳು. ಅದು ಹಿಗ್ಗಿತು. ಮತ್ತೆ ಚೌಕಟ್ಟಿಟ್ಟಳು. ಈಗ ಒಳಗಿನ ಗೆರೆ ಸರಿಯಾಗಿ ಕೂತಿತು.

"ಎರಡನೇ ಸಲ ಬಿಗಿದವರು ಒದ್ದೆ ಹಾಳೇನೇ ಬಿಗಿದ್ರು. ಒಣಗಿದಾಗ ಹಾಳೆ ಜೊತೆ ಗೆರೆನೂ ಕುಗ್ಗಿತು. ಇವನು ಹಾಗೆ ಮಾಡೋನಲ್ಲ. ಮ್ಯಾನೇಜರಿಗೆ ಬಿಗಿಯೋಕೇ ಬರಲ್ಲ. ಹಾಳೇನ ಒದ್ದೆಯಲ್ಲೇ ಮುಟ್ಟಿ ಅಭ್ಯಾಸವಾದ ಕೈ ಇಲ್ಲಿ ಒಂದೇ. ಚೆನ್ನಾಗಿ ಓಡೋ ಕೋಶವನ್ನ ಯಾರೂ ಬಿಚ್ಚಲ್ಲ. ಅದಾಗಲೇ ಸೋರ್ತಿತ್ತು. ಅಲ್ವಾ ಮಾಸ್ತರೇ?"

ಮಾಸ್ತರು ಕುರ್ಚಿಯಲ್ಲಿ ಕುಸಿದರು. "ಅಂಚಲ್ಲಿ ಕಣ್ಣಿಗೆ ಬೀಳದ ಹಾಗೆ ತಾನಾಗೇ ಬಿರಿದಿತ್ತು, ಅಮ್ಮಾ. ಜೀವಮಾನದ ಹಾಳೆ ಅದು. ನಾನೇ ನಡುವೆ ಪಿನ್ನು ಚುಚ್ಚಿ ಮತ್ತೆ ಬಿಗಿದೆ. ಯಾರೋ ಚುಚ್ಚಿದ್ರು ಅಂದ್ರೆ ಹಾಳೆಯ ಮಾನ ಉಳಿಯುತ್ತೆ ಅಂದ್ಕೊಂಡೆ."

"ಇವನ ಮಾನ?" ತಮ್ಮ ಮೇಜು ಗುದ್ದಿದ. "ಅವನೇನು ಕಾಲೊರಸಾ?"

ಮ್ಯಾನೇಜರ್ ಬಾಗಿಲು ಮುಚ್ಚಿ ಬಂದ. "ಕೂಗಾಡಬೇಡಿ. ನಿಮ್ಮಣ್ಣ ನಾಳೆಯಿಂದ ಕೆಲಸಕ್ಕೆ ಬರಲಿ. ಹೊರಗಿನವರಿಗೆ ಮಾತ್ರ ಯಾರೋ ಚುಚ್ಚಿದ್ರು ಅಂತಲೇ ಇರಲಿ. ಬಸ್ಸಿನವರು ಕಾಯ್ತಾ ಇದಾರೆ."

"ಇಲ್ಲ ಅಂದ್ರೆ?" ಅಣ್ಣ ಕೇಳಿದ.

"ಬೇರೆ ಕೆಲಸ ನೋಡ್ಕೊಳ್ಳಪ್ಪ."

ಅಣ್ಣ ಒದ್ದೆ ಹಾಳೆಯನ್ನು ಎತ್ತಿ ಬದಿಗಿಟ್ಟ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಆದರೂ ಅಣ್ಣ ಮೇಜಿನ ಫೋನೆತ್ತಿ ಬಸ್ ಕಂಪನಿಯ ಎಂಜಿನಿಯರಿಗೆ ಕರೆ ಮಾಡಿದ. "ಸಾರ್, ನಾನು ಹಾಳೆ ಪರೀಕ್ಷೆ ಮಾಡೋನು..."

ಮ್ಯಾನೇಜರ್ ಫೋನು ಕಿತ್ತುಕೊಳ್ಳಲು ನುಗ್ಗಿದ. ತಮ್ಮ ಏಳುವ ಮೊದಲೇ ಮಾಸ್ತರು ಎದ್ದು ನಡುವೆ ಅಡ್ಡ ನಿಂತಿದ್ದರು.

"ಹೇಳು ಮಗಾ," ಎಂದರು, ಕಣ್ಣೊರೆಸಿಕೊಳ್ಳದೆ. "ನನ್ನ ಹಾಳೆ ತಾಳಲಿಲ್ಲ ಅಂತ ಹೇಳು."