ಮುಟ್ಟಿತು ಎನ್ನದ ಪೆಟ್ಟಿಗೆ

ಆ ಬೆಳಗ್ಗೆ ಶಿವಾಜಿನಗರದ ಮೇಲೆ ಮೋಡ ಸುಮ್ಮನೆ ಕೂತಿತ್ತು. ಮಳೆಯನ್ನೂ ಬಿಡಲಿಲ್ಲ, ಬಿಸಿಲನ್ನೂ ಬಿಡಲಿಲ್ಲ. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಹತ್ತೂವರೆಗೆ ನಾನೂ ತೂಬಾಳೂ ನರ್ಸಿಂಗ್ ಹೋಮಿನ ಬಟ್ಟೆ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದೆವು. ನನ್ನ ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗಿಳಿಯುತ್ತಿತ್ತು.

ಹೊರಗೆ ಇಬ್ಬರು ಬಾಗಿಲು ಒದೆಯುತ್ತಿದ್ದರು.

"ಪೆಟ್ಟಿಗೆ ಆಚೆ ಕೊಡು ಮಗಾ. ಕೈಕಾಲು ನೆಟ್ಟಗಿರುತ್ತೆ."

ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಊಟದ ಡಬ್ಬಿಯಷ್ಟು ದೊಡ್ಡದು. ರೋಗಿಯ ಬೆರಳಿಗೆ ಕ್ಲಿಪ್ ಹಾಕಿದರೆ ನಾಡಿ ತೋರಿಸುವ ಮಾನಿಟರ್. ಆ ಕ್ಲಿಪ್ ಈಗ ನನ್ನ ಬೆರಳಿನಲ್ಲಿತ್ತು. ಎದೆ ಪಕ್ಕೆಲುಬು ಮುರಿಯುವ ಹಾಗೆ ಬಡಿದುಕೊಳ್ಳುತ್ತಿತ್ತು.

ಪರದೆ ಹೇಳಿತು: ಎಪ್ಪತ್ತೆರಡು.

ಮುಂಜಾನೆ ಲಿಂಗಪೂಜೆಗೆ ಕೂತಾಗಲೂ ನಾನು ಅಷ್ಟು ಶಾಂತನಲ್ಲ...

"ಇದು ನನ್ನ ನಾಡಿ ಅಲ್ಲವ್ವಾ ತಂಗಿ. ಯಾರ್ದು?"

"ನಮ್ಮ ನಾನೀದು, ಅಜ್ಜೀದು ಈರೇಶಣ್ಣ," ಎಂದಳು ತೂಬಾ. "ಬೆಳಗ್ಗೆ ಎಂಟು ಗಂಟೆಗೆ ಕ್ಲಿಪ್ ಹಾಕಿದಾಗಿನದು."

ಕೇಳಿ. ನಾನು ಈರೇಶ. ಕೆಟ್ಟ ಯಂತ್ರ ಯಾಕೆ ಕೆಟ್ಟಿತೆಂದು ಪತ್ತೆ ಹಚ್ಚುವುದು ನನ್ನ ಕಸುಬು. ತೂಬಾ ಇಂದಿರಾನಗರದ ಸಣ್ಣ ಕಂಪನಿಯೊಂದರಲ್ಲಿ ಈ ಪೆಟ್ಟಿಗೆಯೊಳಗಿನ ಪ್ರೋಗ್ರಾಮ್ ಬರೆದವಳು. ಅವಳ ಅಜ್ಜಿ ಶಂಶುನ್ನೀಸಾ ಇಲ್ಲೇ ಆರನೇ ಮಂಚದಲ್ಲಿದ್ದರು. ಅರ್ಧ ಗಂಟೆಯ ಹಿಂದೆ ತೂಬಾ ಕರೆದಳೆಂದು ನಾನು ಬಂದಾಗ ಅಜ್ಜಿಯ ತುಟಿ ನೀಲಿಯಾಗಿತ್ತು. ಪರದೆಯಲ್ಲಿ ಎಪ್ಪತ್ತೆರಡು. ಸಿಸ್ಟರ್ ಲಕ್ಷ್ಮಿದೇವಿ ಪರದೆಯನ್ನೇ ನಂಬಿದ್ದರು.

"ನಂಬರ್ ನೋಡ್ರೀ, ಚೆನ್ನಾಗಿದೆಯಲ್ಲ."

"ಕೈ ಹಿಡೀರಿ ಸಿಸ್ಟರ್," ಎಂದೆ.

ಅವರು ಹಿಡಿದರು. ಎಣಿಸಿದರು. ಮುಖದ ಬಣ್ಣ ಹೋಯಿತು. ನೂರ ನಲವತ್ತು.

ಡಾಕ್ಟರು ಓಡಿ ಬಂದು ಅಜ್ಜಿಯನ್ನು ಒಳಗೆ ಒಯ್ದು ಬಾಗಿಲು ಮುಚ್ಚಿದರು. ನಾನು ಪೆಟ್ಟಿಗೆ ಕಿತ್ತುಕೊಂಡೆ. ತೂಬಾ ಸಾಕ್ಷಿ ಸಿಕ್ಕಿತೆಂದು ಆಫೀಸಿಗೆ ಫೋನ್ ಮಾಡಿದಳು. ಹತ್ತೇ ನಿಮಿಷಕ್ಕೆ ಕಂಪನಿ ಕಳಿಸಿದ ಈ ಇಬ್ಬರು ಬೈಕಿನಲ್ಲಿ ಬಂದಿಳಿದರು. ಮೆಟ್ಟಿಲಲ್ಲಿ ಒಬ್ಬ ನನ್ನ ಅಂಗಿ ಹಿಡಿದ. ಅಂಗಿಯ ತೋಳು ಅವನಿಗೆ ಬಿಟ್ಟು ಓಡಿದೆ.

"ಇನ್ನೆಷ್ಟು ಪೆಟ್ಟಿಗೆ ಅದಾವು?" ಕೋಣೆಯೊಳಗೆ ತೂಬಾಳನ್ನು ಕೇಳಿದೆ.

"ಮೂವತ್ತೊಂದು. ಬಾಣಸವಾಡಿ, ಕೆ.ಆರ್. ಪುರಂ... ನಿನ್ನೆ ಸಂಜೆ ಹೊಸ ಪ್ರೋಗ್ರಾಮ್ ಹೋಗಿದೆ ಎಲ್ಲಕ್ಕೂ."

ಮೂವತ್ತೊಂದು ಮಂಚ. ಮೂವತ್ತೊಂದು ಜೀವ. ಎಲ್ಲರ ತಲೆಯ ಪಕ್ಕದಲ್ಲೂ ಒಂದು ನಿಶ್ಚಿಂತೆಯ ಸುಳ್ಳು.

"ನಿಲ್ಲಿಸೋರು ಯಾರು?"

"ನರೇಶ್ ಸರ್ ಒಬ್ಬರೇ. ಅವರ ಫೋನಿಂದ."

ಚಿಲಕ ಕಿತ್ತು ಬಂತು.

ಇಬ್ಬರ ಹಿಂದೆ ನರೇಶ್ ನಿಂತಿದ್ದ. ಕಂಪನಿಯ ಮಾಲೀಕ. ಹಲಸೂರಿನಲ್ಲಿ ಹುಟ್ಟಿ ಬೆಳೆದವನು. ಮಾತು ಮೆತ್ತಗೆ, ಕಣ್ಣು ಗಟ್ಟಿ.

"ಗುರು, ಮುದುಕಿಗೆ ಹಾರ್ಟ್ ಪ್ರಾಬ್ಲಮ್ ಇತ್ತು. ಪೆಟ್ಟಿಗೆ ಮೇಲೆ ಯಾಕೆ ಹಾಕ್ತೀಯ?"

ದಪ್ಪನೆಯವನು ನನ್ನ ಕುತ್ತಿಗೆಗೆ ಕೈ ಹಾಕಿದ. ಉಸಿರು ಅರ್ಧಕ್ಕೆ ನಿಂತಿತು. ಶಿವನೇ ಎಂದುಕೊಂಡೆ. ಬೆರಳಿನ ಕ್ಲಿಪ್ ತೆಗೆದು ಪಕ್ಕದ ಮುರುಕು ಸ್ಟೂಲಿನ ಕಾಲಿಗೆ ಸಿಕ್ಕಿಸಿದೆ.

ಎಲ್ಲರೂ ಪರದೆ ನೋಡಿದರು. ಎಪ್ಪತ್ತೆರಡು. ಹಸಿರು ಗೆರೆ ಚೆಂದವಾಗಿ ಏರಿತು, ಇಳಿಯಿತು.

"ಸ್ಟೂಲಿಗೆ ಆರೋಗ್ಯ ಚಲೋ ಐತಿ ನರೇಶ್ ಸಾಹೇಬ್ರೆ," ಎಂದೆ.

ಕುತ್ತಿಗೆಯ ಕೈ ಸಡಿಲಾಯಿತು.

"ನನ್ನ ಡೆಸ್ಕ್ ಮೇಲೆ ಪರ್ಫೆಕ್ಟಾಗಿ ಓಡ್ತು..." ನರೇಶನ ದನಿ ಬತ್ತಿತ್ತು.

"ಡೆಸ್ಕ್ ಮೇಲಿರೋದು ದೊಡ್ಡ ಮಿಶಿನ್ ಸರ್. ಹೊಸ ನಂಬರ್ ಬಂತಾ ಅಂತ ಅದು ತಾನೇ ನೋಡ್ಕೊಳ್ಳುತ್ತೆ. ಈ ಅಗ್ಗದ ಬೋರ್ಡಿಗೆ ನಾವು ಹೇಳ್ಬೇಕು. ಪ್ರೋಗ್ರಾಮಲ್ಲಿ ಹೇಳೋ ಲೈನ್ ಒಂದಿತ್ತು. ಎಲ್ಲಿ ಹೋಯ್ತು ಅದು?" ತೂಬಾ ಕೇಳಿದಳು.

ನಿಮಗೆ ನಮ್ಮೂರ ರೀತಿಯಲ್ಲಿ ಹೇಳುತ್ತೇನೆ. ಯಾದಗಿರಿ ಕಡೆಯ ನಮ್ಮ ಓಣಿಯಲ್ಲಿ ಕಡ ಒಯ್ದ ಕೊಡ ತಿರುಗಿ ಬಂದರೆ ಕೊಟ್ಟವಳು ಅದನ್ನು ಕೈಯಲ್ಲಿ ಹಿಡಿದು "ಮುಟ್ಟಿತು" ಎನ್ನಬೇಕು. ಆ ಮಾತು ಬರುವ ತನಕ ಕೊಡ ಇನ್ನೂ ನೆರೆಮನೆಯದೇ. ಯಂತ್ರದ ಒಳಗೂ ಹಾಗೇ. ಕರ್ನಲ್ ಎನ್ನುವ ಯಜಮಾನ ಮೆಮೊರಿಯ ಒಂದು ತುಂಡನ್ನು ಕ್ಲಿಪ್ಪಿನ ಸಾಧನಕ್ಕೆ ಕಡ ಕೊಡುತ್ತಾನೆ. ಸಾಧನ ಯಾರನ್ನೂ ಕೇಳದೆ ನೇರ ಅಲ್ಲಿ ನಾಡಿ ಬರೆಯುತ್ತದೆ. ಆಮೇಲೆ ಆ ತುಂಡು ತಿರುಗಿ ಮುಟ್ಟಿತೆಂದು ಯಜಮಾನ ಸಾರಬೇಕು. ಆಗ ಮಾತ್ರ ಪ್ರೊಸೆಸರು ತನ್ನ ಕಿಸೆಯಲ್ಲಿಟ್ಟುಕೊಂಡ ಹಳೆಯ ನಕಲು ಎಸೆದು ಹೊಸದನ್ನು ಓದುತ್ತದೆ. ಸಾರದಿದ್ದರೆ ಕಿಸೆಯ ಚೀಟಿಯನ್ನೇ ಮತ್ತೆ ಮತ್ತೆ ಓದುತ್ತದೆ. ಈ ಕತೆಯನ್ನು ತೂಬಾಗೆ ಹೇಳಿದವನು ನಾನೇ. ಅವಳಿಗೆ ಹಿಡಿಸಿ, ಆ ಲೈನಿನ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಮುಟ್ಟಿತು" ಎಂದು ಬರೆದಿಟ್ಟಿದ್ದಳು.

ನರೇಶ್ ಗೋಡೆಗೆ ಒರಗಿದ.

"ನಾನೇ ತೆಗ್ದೆ. ನಮ್ಮ ಮನೇಲಿ ತಮಿಳು... ಅದನ್ನ ಮುಟ್ಟುದು ಅಂತ ಓದ್ದೆ, ಅಂದ್ರೆ ತಮಿಳಲ್ಲಿ ಡಿಕ್ಕಿ ಹೊಡಿಯುತ್ತೆ ಅಂತ. ಅಲ್ಲೇ ಡಿಕ್ಕಿ ಹೊಡ್ದು ಸ್ಲೋ ಆಗ್ತಿದೆ, ಅದನ್ನ ಗುರುತು ಹಾಕಿದ್ದಾಳೆ ಅಂದ್ಕೊಂಡೆ. ತೆಗೆದ ಮೇಲೆ ಫಾಸ್ಟಾಯ್ತು ಕೂಡ."

"ಒಂದು ಮಾತು ಕೇಳಬಹುದಿತ್ತಲ್ಲ ಸರ್," ಎಂದಳು ತೂಬಾ.

ಅವನು ಜೇಬಿನಿಂದ ಫೋನ್ ತೆಗೆದ.

"ನಿಲ್ಲಿಸ್ರಿ," ಎಂದೆ.

"ನಿಲ್ಲಿಸಿದ್ರೆ ಕಂಪನಿ ಮುಗೀತು ಗುರು."

"ನಿಲ್ಲಿಸದಿದ್ರ ಯಾರು ಮುಗೀತಾರ, ಅದನ್ನ ಹೇಳ್ರಿ."

ಅವನ ಹೆಬ್ಬೆರಳು ಫೋನಿನ ಮೇಲೆ ತೂಗಾಡಿತು. ಅಷ್ಟರಲ್ಲಿ ಪರದೆಯಲ್ಲಿ ಹಳೆಯ ಗೆರೆಯೇ ಮತ್ತೊಮ್ಮೆ ಏರಿ ಇಳಿಯಿತು. ಅವನು ಒತ್ತಿದ.

ಪರದೆ ಕಪ್ಪಾಯಿತು. ಬಾಣಸವಾಡಿಯಲ್ಲೂ ಕಪ್ಪಾಗಿತ್ತು. ಕೆ.ಆರ್. ಪುರಂನಲ್ಲೂ. ತೂಬಾ ಒಂದೊಂದೇ ಕಡೆಗೆ ಫೋನ್ ಹಚ್ಚಿ ಒಂದೇ ಮಾತು ಹೇಳಿದಳು: "ಕೈ ಹಿಡಿದು ಎಣಿಸಿ ಸಿಸ್ಟರ್." ಕೆ.ಆರ್. ಪುರಂನಿಂದ ಮರುಫೋನ್ ಬಂತು. ಅಲ್ಲಿ ಸಾಬಮ್ಮ ಎಂಬಾಕೆಯ ನಾಡಿ ಮೂವತ್ತೆಂಟಕ್ಕೆ ಇಳಿದಿತ್ತಂತೆ. ಸಮಯಕ್ಕೆ ಗೊತ್ತಾಯಿತು.

ಹನ್ನೆರಡಕ್ಕೆ ಲಕ್ಷ್ಮಿದೇವಿ ಕೋಣೆಯೊಳಗೆ ಇಣುಕಿದರು.

"ನಿಮ್ಮಜ್ಜಿ ಚಹಾ ಕೇಳ್ತಿದ್ದಾರೆ. ಸಕ್ಕರೆ ಹಾಕಿ ಅಂತ ಜಗಳ."

ತೂಬಾ ಟವೆಲ್ಲುಗಳ ರಾಶಿಯಲ್ಲಿ ಮುಖವಿಟ್ಟು ಅತ್ತಳು.

ನರೇಶ್ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ತೆಗೆದ ಲೈನನ್ನು ಮತ್ತೆ ಹಾಕಿದ. ಆ ಪ್ರೋಗ್ರಾಮಿನ ತಲೆಯ ಮೇಲೆ, ಬರೆದವರು ಎಂಬ ಜಾಗದಲ್ಲಿ, ಮೂರು ವರ್ಷದಿಂದ ಅವನದೇ ಹೆಸರಿತ್ತು. ಅದನ್ನು ಒಂದೊಂದೇ ಅಕ್ಷರ ಅಳಿಸಿದ. ತೂಬಾಳ ಹೆಸರು ಬರೆದ. ಲ್ಯಾಪ್‌ಟಾಪನ್ನು ಅವಳ ಕಡೆ ಸರಿಸಿದ.

ಸ್ಪೆಲ್ಲಿಂಗ್ ತಪ್ಪಿತ್ತು. ಅವಳೇ ತಿದ್ದಿಕೊಂಡಳು.