ಸ್ಟೇರಿಂಗಿಗೆ ಬಂದ ಕೈ

ಎದುರಿನಿಂದ ಬಂದ ಲಾರಿಯ ಚಕ್ರ ನೀರು ತುಂಬಿದ ಹೊಂಡಕ್ಕೆ ಇಳಿದದ್ದನ್ನು ಅವಳು ನೋಡಿದಳು. ಅಷ್ಟೇ ನೋಡಿದ್ದು.

ಮರುಕ್ಷಣ ಕೆಸರುನೀರು ಪಿಕಪ್ಪಿನ ಮುಂದಿನ ಗಾಜಿಗೆ ಧಬ್ಬೆಂದು ಅಪ್ಪಳಿಸಿತು. ರಸ್ತೆ, ಮರ, ಆಕಾಶ ಎಲ್ಲವೂ ಒಟ್ಟಿಗೆ ಮಾಯವಾದವು.

ಅವಳಿಗೆ ಇದು ಹೊಸದಲ್ಲ. ಕಾಲು ಆಕ್ಸಿಲರೇಟರ್ ಮೇಲಿಂದ ತಾನಾಗಿಯೇ ಮೇಲೆದ್ದಿತು. ಬೆರಳು ವೈಪರ್ ಕಡ್ಡಿಯನ್ನು ತಳ್ಳಿತು. ಇನ್ನೇನು ಗಾಜು ತಿಳಿಯಾಗಬೇಕು...

ಅಷ್ಟರಲ್ಲಿ ಪಕ್ಕದ ಸೀಟಿನಿಂದ ಒಂದು ಕೈ ಬಂದು ಸ್ಟೇರಿಂಗ್ ಹಿಡಿದು ಎಳೆಯಿತು.

ಗಾಡಿ ಪಕ್ಕಕ್ಕೆ ಹೊರಳಿತು. ಮೊಣಕೈಯಿಂದ ಆ ಕೈಯನ್ನು ಒತ್ತಿ ತಳ್ಳಿ, ಚಕ್ರ ನೇರ ಮಾಡಿ, ಬ್ರೇಕನ್ನು ಮೆಲ್ಲಮೆಲ್ಲಗೆ ತುಳಿದು ಅವಳು ಗಾಡಿ ನಿಲ್ಲಿಸಿದಳು. ವೈಪರ್ ಕೆಸರು ಸರಿಸಿದಾಗ ಎದುರಿಗೆ ಕಂಡದ್ದು ಬಾಯ್ತೆರೆದ ಚರಂಡಿ. ಮುಂದಿನ ಚಕ್ರ ಅದರ ಅಂಚಿನಲ್ಲಿತ್ತು.

ಹಿಂದೆ, ಗಾಜು ನಿಲ್ಲಿಸುವ ಮರದ ಚೌಕಟ್ಟಿನ ಕಡೆಯಿಂದ, 'ಟಿಕ್' ಎಂದು ಸಣ್ಣ ಸದ್ದು ಬಂತು. ಗಾಜಿನಂಗಡಿಯಲ್ಲಿ ಬೆಳೆದವಳಿಗೆ ಆ ಸದ್ದು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ನನ್ನ ಗಾಡಿಯ ಸ್ಟೇರಿಂಗ್ ಮುಟ್ಟೋಕೆ ನಿಮಗೆ ಹೇಳಿದ್ಯಾರು?" ಅವಳ ದನಿ ತಣ್ಣಗಿತ್ತು. ಕೂಗಿದ್ದರೇ ವಾಸಿಯಿತ್ತು.

ಪಕ್ಕದಲ್ಲಿದ್ದವನು ಕೈ ಹಿಂದಕ್ಕೆಳೆದುಕೊಂಡ. ಅಂಗಡಿಗೆ ಹೊಸದಾಗಿ ಸೇರಿದ ಫಿಟ್ಟರ್ ಅವನು. ಕಿಟಕಿ, ಬಾಗಿಲುಗಳಿಗೆ ಗಾಜು ಕೂರಿಸುವವನು. ಬಂದಾಗಿನಿಂದ ತುಟಿ ಬಿಚ್ಚಿದ್ದೇ ಕಡಿಮೆ ಎಂದು ಅಂಗಡಿಯವರೆಲ್ಲ ಅವನಿಗೆ 'ಮೌನಿ' ಎಂದು ಹೆಸರಿಟ್ಟಿದ್ದರು. ಈಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಹೆಂಗಸು ಗಾಡಿ ಓಡಿಸ್ತಿದ್ದಾಳೆ ಅಂತ ಭಯಾನಾ? ಹಾಗಿದ್ರೆ ಹತ್ತೋಕೆ ಮುಂಚೆ ಹೇಳ್ಬೇಕಿತ್ತು. ನಡ್ಕೊಂಡು ಬರಬಹುದಿತ್ತು."

ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. ಆ ಒಂದು ಕ್ಷಣದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದರೆ ಮುಂದಿನ ಎಷ್ಟೋ ನೋವು ತಪ್ಪುತ್ತಿತ್ತು.

ಅವಳು ಇಳಿದು ಹಿಂದೆ ಹೋಗಿ ನೋಡಿದಳು. ಕ್ಲಿನಿಕ್ಕಿನ ಮುಂಬಾಗಿಲ ಪಕ್ಕಕ್ಕೆಂದು ಕತ್ತರಿಸಿದ ದೊಡ್ಡ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

*

ಅಂಗಡಿ ಅವಳ ಚಿಕ್ಕಪ್ಪನದು. ಗಾಡಿಯ ಕೀಲಿಗಾಗಿ ಅವಳು ಅವರ ಬೆನ್ನು ಬಿದ್ದು ಕಾಡಿದ್ದಳು. "ಲೇ ಚೋಟು, ನಿನ್ನ ಕಾಲು ಬ್ರೇಕಿಗೆ ಎಟುಕುತ್ತೇನೇ?" ಎಂದು ನಕ್ಕವರೇ ಕೊನೆಗೆ ಅವಳು ಗಾಡಿಯನ್ನು ಹಿಮ್ಮುಖವಾಗಿ ಗೋದಾಮಿಗೆ ನುಗ್ಗಿಸುವುದನ್ನು ಕಂಡು ಮೀಸೆ ತಿರುವಿಕೊಂಡಿದ್ದರು. ಆಮೇಲೆ ಒಂದೇ ಒಂದು ಗಾಜೂ ಒಡೆದಿರಲಿಲ್ಲ. ಇವತ್ತಿನವರೆಗೆ.

"ತಪ್ಪು ನಂದು ಸಾರ್. ಸ್ಟೇರಿಂಗ್ ಎಳೆದದ್ದು ನಾನು," ಎಂದ ಮೌನಿ, ಚಿಕ್ಕಪ್ಪನ ಮುಂದೆ ತಲೆ ತಗ್ಗಿಸಿ.

ಸದ್ಯ, ಅಷ್ಟಾದರೂ ಒಪ್ಪಿಕೊಂಡನಲ್ಲ... ಅವಳ ಸಿಟ್ಟು ಸ್ವಲ್ಪ ಇಳಿದಿತ್ತು. ಇಳಿದದ್ದು ಮರುದಿನ ಬೆಳಿಗ್ಗೆಯವರೆಗೆ ಮಾತ್ರ.

ಬೆಳಿಗ್ಗೆ ಅಂಗಡಿಯ ಒಳಗೆ ಕಾಲಿಡುವಾಗ, ನಿಲ್ಲಿಸಿಟ್ಟ ಗಾಜುಗಳ ಹಿಂದಿನಿಂದ ಅವನ ದನಿ ಕೇಳಿಸಿತು.

"ದಯವಿಟ್ಟು ನನ್ನ ಅವರ ಗಾಡೀಲಿ ಕಳಿಸಬೇಡಿ ಸಾರ್. ಆ ಸೀಟಲ್ಲಿ ಕೂರೋಕೆ ನನ್ನಿಂದ ಆಗಲ್ಲ."

ಅವಳು ಬಾಗಿಲಲ್ಲೇ ನಿಂತಳು. ಎದುರಿಗೆ ತಪ್ಪು ಒಪ್ಪಿಕೊಂಡು, ಹಿಂದಿನಿಂದ ಚಾಡಿ. ಬಾಯಿಲ್ಲದವನು ಎಂದುಕೊಂಡರೆ, ಬೇಕಾದ ಕಡೆ ಚೆನ್ನಾಗಿಯೇ ಬಾಯಿ ಬರುತ್ತದೆ ಇವನಿಗೆ...

ಮಧ್ಯಾಹ್ನದ ಹೊತ್ತಿಗೆ ಚಿಕ್ಕಪ್ಪ ಅವಳನ್ನು ಕರೆದರು. ಮುಖ ನೋಡದೆಯೇ ಕೈ ಚಾಚಿದರು.

"ಕೀಲಿ ಕೊಡಮ್ಮ. ಮಳೆ ನಿಲ್ಲೋವರೆಗೂ ಗೋದಾಮಿನ ಅಜ್ಜ ಓಡಿಸ್ಲಿ. ನೀನು ಗಾಜಿನ ಅಂಚು ತಿಕ್ಕೋ ಕೆಲಸ ನೋಡ್ಕೋ."

"ನಾನೇನು ತಪ್ಪು ಮಾಡ್ದೆ ಚಿಕ್ಕಪ್ಪ?"

"ತಪ್ಪು ಅಂತ ಯಾರಂದ್ರು? ಪಕ್ಕದಲ್ಲಿ ಕೂರೋನೇ ಹೆದರಿದ್ರೆ ಗಾಜು ಕೂರಿಸೋಕೆ ನಿನ್ನ ಜೊತೆ ಯಾರು ಬರ್ತಾರೆ?"

ಅವಳು ಕೀಲಿಯನ್ನು ಅವರ ಕೈಯಲ್ಲಿಟ್ಟಳು. ಕಣ್ಣೀರು ಬರುವುದಕ್ಕೆ ಮೊದಲೇ ಬೆನ್ನು ತಿರುಗಿಸಿದಳು.

ಅಲ್ಲಿಂದ ಶುರುವಾದವು ಉಸಿರು ಕಟ್ಟುವ ದಿನಗಳು. ತಿಕ್ಕುವ ಯಂತ್ರದ ಮುಂದೆ ಅವಳು, ಕತ್ತರಿಸುವ ಮೇಜಿನ ಬಳಿ ಅವನು, ನಡುವೆ ಗಾಜಿನ ಹಾಳೆಗಳು. ಭಾರದ ಹಾಳೆ ಎತ್ತುವಾಗ ಅವನು ಓಡಿ ಬಂದರೆ ಅವಳು ಒಂದೇ ಪದ ಹೇಳುತ್ತಿದ್ದಳು: "ಬೇಡ." ಅವನು ಹಾಗೆಯೇ ಹಿಂದಕ್ಕೆ ಹೋಗುತ್ತಿದ್ದ.

ಆದರೂ ಅವಳ ಕಣ್ಣು ಅವಳ ಮಾತು ಕೇಳುತ್ತಿರಲಿಲ್ಲ. ಗಾಜನ್ನು ಅವನು ಎತ್ತುವ ರೀತಿಯೇ ಬೇರೆ. ಅಂಗೈ ಪೂರ್ತಿ ಒರಗಿಸಿ, ಉಸಿರು ಹಿಡಿದು, ಮಲಗಿದ ಕೂಸನ್ನು ಎತ್ತಿದ ಹಾಗೆ. ಇಷ್ಟು ಮೆತ್ತಗಿನ ಕೈ ಅವತ್ತು ಯಾಕೆ ಹಾಗೆ ಮೃಗದ ಹಾಗೆ ಎಗರಿತು? ಆ ಪ್ರಶ್ನೆ ಬಂದಾಗೆಲ್ಲ ಅವಳು ಯಂತ್ರದ ಸದ್ದು ಜಾಸ್ತಿ ಮಾಡುತ್ತಿದ್ದಳು.

ಒಂದು ಸಂಜೆ ಗೋದಾಮಿನ ಅಜ್ಜ ಚಹಾ ಹೀರುತ್ತಾ, "ಹೆಣ್ಮಕ್ಕಳ ಕೈಲಿ ಗಾಡಿ ಕೊಟ್ರೆ ಇದೇ ಪಾಡು. ಆ ಹುಡುಗ ಬದುಕಿದ್ದೇ ಹೆಚ್ಚು," ಎಂದ. ಅವಳು ಕೈಗವಸು ಬಿಚ್ಚಿ ಮೇಜಿನ ಮೇಲೆ ಎಸೆದು, ಮೌನಿಯ ಮನೆ ಎಲ್ಲಿ ಎಂದು ಗಾಜು ಕತ್ತರಿಸುವ ಮೇಸ್ತ್ರಿಯನ್ನು ಕೇಳಿದಳು.

*

ಬಾಗಿಲು ತೆರೆದದ್ದು ಊರುಗೋಲು ಹಿಡಿದ ಒಬ್ಬ ಹೆಂಗಸು. ಅವನ ತಾಯಿ. ಮಗನದೇ ಕಣ್ಣು, ಬಾಯಿ ಮಾತ್ರ ಮಗನದಲ್ಲ.

"ನೀನೇ ಅಲ್ವಾ ಸ್ಟೇರಿಂಗಿನವಳು? ಬಾ ಒಳಗೆ. ಬಯ್ಯೋಕೆ ಬಂದಿರ್ತೀಯ, ಕೂತ್ಕೊಂಡು ಬಯ್ಯಿ. ಅವನು ಔಷಧಿ ತರೋಕೆ ಹೋಗಿದ್ದಾನೆ."

ತಯಾರಿ ಮಾಡಿಕೊಂಡು ಬಂದ ಮಾತೆಲ್ಲ ಅವಳ ಬಾಯಲ್ಲೇ ಉಳಿಯಿತು.

"ನಿಮ್ಗೆ ಎಲ್ಲಾ ಹೇಳಿದ್ದಾರಾ?"

"ಹೇಳೋ ಜಾತಿಯೇ ಅಲ್ಲ ಅದು. ಊಟ ಬಿಟ್ಟು ಗೋಡೆ ನೋಡ್ತಾ ಕೂತಿದ್ದ. ನಾನೇ ಬಾಯಿಗೆ ಕೋಲು ಹಾಕಿ ಹೊರಗೆಳೆದೆ." ತಾಯಿ ಕುರ್ಚಿಗೆ ಒರಗಿ ಒಂದು ಕಾಲನ್ನು ಮುಂದಕ್ಕೆ ಚಾಚಿದರು. ಮೊಣಕಾಲು ಮಡಿಚುತ್ತಿರಲಿಲ್ಲ. "ಈ ಕಾಲು ನೋಡಿದ್ಯಾ? ಇದು ಹೀಗಾದ ದಿನ ಗಾಡಿ ಓಡಿಸ್ತಿದ್ದವನು ಅವನು. ಇಂಥದ್ದೇ ಮಳೆ. ಬಸ್ಸೊಂದು ಹೊಂಡದ ನೀರನ್ನ ಪೂರ್ತಿ ನಮ್ಮ ಗಾಜಿಗೆ ಎರಚಿ ಹೋಯ್ತು. ಮುಂದೆ ತಿರುವು. ಅವನ ಕೈ ಕಲ್ಲಾಗಿ ಹೋಯ್ತಮ್ಮ. ತಿರುಗಿಸಲೇ ಇಲ್ಲ. ಗಾಡಿ ಸೀದಾ ಮರಕ್ಕೆ."

ಅವಳು ಆ ಚಾಚಿದ ಕಾಲನ್ನೇ ನೋಡಿದಳು.

"ಅವತ್ತಿಂದ ಅವನು ಡ್ರೈವರ್ ಸೀಟಲ್ಲಿ ಕೂತಿಲ್ಲ. ನಿದ್ದೇಲಿ ಕೈ ತಿರುಗಿಸ್ತಾನೆ, ಹೀಗೆ..." ತಾಯಿ ಗಾಳಿಯಲ್ಲಿ ಇಲ್ಲದ ಸ್ಟೇರಿಂಗನ್ನು ತಿರುಗಿಸಿ ತೋರಿಸಿದರು. "ನನ್ನ ಕಾಲು ಕುಂಟ್ತಾ ಆದ್ರೂ ಮುಂದೆ ಹೋಗುತ್ತೆ. ಅವನ ಮನಸ್ಸು ಆ ಮರದ ಹತ್ರಾನೇ ನಿಂತಿದೆ."

ಬಾಗಿಲಲ್ಲಿ ನೆರಳಾಡಿತು. ಅವನು ಬಂದಿದ್ದ. ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತ.

ಅವಳು ಎದ್ದಳು. "ನನ್ನ ಜೊತೆ ಬರಲ್ಲ ಅಂತ ಚಿಕ್ಕಪ್ಪನ ಹತ್ರ ಹೇಳಿದ್ರಲ್ಲ... ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲ ಅಂತ ತಾನೆ ಅದರರ್ಥ?"

"ನಿಮ್ಮ ಮೇಲಲ್ಲ." ಅವನ ದನಿ ಒಡೆದಿತ್ತು. "ನನ್ನ ಕೈ ಮೇಲೆ. ಅದು ಮತ್ತೆ ಯಾವಾಗ ಎಗರುತ್ತೋ ನನಗೇ ಗೊತ್ತಿಲ್ಲ. ಅವತ್ತು ಇನ್ನೊಂದು ಗೇಣು ಹೋಗಿದ್ರೆ ನೀವು ಚರಂಡಿಯಲ್ಲಿ ಇರ್ತಿದ್ರಿ. ನನ್ನಿಂದ."

"ನನ್ನ ಕೈಯಿಂದ ಕೀಲಿ ಹೋಯ್ತು. ಅದೂ ನಿಮ್ಮಿಂದಲೇ."

ಅವನು ಬೆಚ್ಚಿದ. "ಅಂಚು ತಿಕ್ಕೋಕೆ ಜನ ಸಾಲದು, ಅದಕ್ಕೇ ನಿಮ್ಮನ್ನ ಅಲ್ಲಿ ಹಾಕಿದ್ದೀನಿ ಅಂದ್ರು ನಿಮ್ಮ ಚಿಕ್ಕಪ್ಪ... ನನ್ನ ಮಾತಿಗೆ ಹಾಗೆ ಅರ್ಥ ಆಗುತ್ತೆ ಅಂತ ನಾನು..."

"ಪೂರ್ತಿ ಹೇಳದೆ ಅರ್ಧ ಹೇಳಿದ್ರೆ ಹೇಗೆ ಬೇಕಾದ್ರೂ ಅರ್ಥ ಆಗುತ್ತೆ."

"ನೋಡಿದ್ಯಾ," ಎಂದರು ತಾಯಿ ಯಾರಿಗೋ ಎಂಬಂತೆ, "ನಾನು ಹೇಳಿದ್ರೆ ಮಾತ್ರ ಕಿವಿಗೆ ಹೋಗಲ್ಲ."

ಅವಳು ಹೊರಟಳು. ದಾರಿಯುದ್ದಕ್ಕೂ ಸಿಟ್ಟನ್ನು ಹುಡುಕಿದಳು, ಸಿಗಲಿಲ್ಲ. ಗಾಳಿಯಲ್ಲಿ ತಿರುಗುವ ಎರಡು ಕೈಗಳೇ ಕಣ್ಣ ಮುಂದೆ ಬರುತ್ತಿದ್ದವು.

*

ಮರುದಿನ ಅಂಗಡಿ ಬಾಗಿಲು ತೆರೆಯುವ ಮೊದಲೇ ಅವನು ಚಿಕ್ಕಪ್ಪನಿಗಾಗಿ ಕಾಯುತ್ತಿದ್ದ. ಎಲ್ಲರ ಮುಂದೆ, ನಿಂತ ಕಾಲಲ್ಲೇ, ತಾಯಿಯ ಕಾಲಿನ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಮೌನಿ ಇಷ್ಟು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಗೋದಾಮಿನ ಅಜ್ಜ ಚಹಾದ ಲೋಟ ಹಿಡಿದುಕೊಂಡೇ ಮರೆತ.

ಚಿಕ್ಕಪ್ಪ ಬಹಳ ಹೊತ್ತು ಮೀಸೆ ಸವರಿಕೊಂಡರು. ನಂತರ ಕೀಲಿಯನ್ನು ಅವಳ ಮುಂದಿಟ್ಟರು.

"ಮೊದಲು ನಿನ್ನ ಕೇಳ್ಬೇಕಿತ್ತು ಚೋಟು. ಕೇಳ್ಲಿಲ್ಲ." ಅಷ್ಟಕ್ಕೇ ದನಿ ಬದಲಿಸಿದರು. "ಕ್ಲಿನಿಕ್ಕಿಗೆ ಮತ್ತೆ ಕತ್ತರಿಸಿದ ಗಾಜು ಇವತ್ತೇ ಕೂರಬೇಕು. ಬೇರೆ ಫಿಟ್ಟರ್ ಇಲ್ಲ. ನೀವಿಬ್ಬರೇ ಹೋಗ್ತೀರೋ, ಅಜ್ಜನ್ನ ಕಳಿಸ್ಲೋ?"

ಹೊರಗೆ ಆಕಾಶ ಕಪ್ಪಾಗಿತ್ತು. ಅವಳು ಅವನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ನಾವೇ ಹೋಗ್ತೀವಿ," ಎಂದಳು.

ಹೊರಡುವ ಮೊದಲು ಅವಳು ವೈಪರಿನ ರಬ್ಬರನ್ನು ಬೆರಳಿನಿಂದ ಸವರಿ ನೋಡಿದಳು. ಗಾಜಿಗೆ ಚಿಮ್ಮುವ ನೀರಿನ ಡಬ್ಬಿಯನ್ನು ತುಂಬಿಸಿ ನಾಲ್ಕು ಹನಿ ಸೋಪು ಹಾಕಿದಳು. ಆಮೇಲೆ ಅವನಿಗೆ ಹೇಳಿದಳು:

"ಕೆಸರು ಬಿದ್ರೆ ನಾನೇನು ಮಾಡ್ತಿದ್ದೀನಿ ಅಂತ ಬಾಯಿಬಿಟ್ಟು ಹೇಳ್ತಾ ಹೋಗ್ತೀನಿ. ನೀವು ನನ್ನ ದನಿ ಕೇಳ್ತಾ ಇರಿ. ಅಷ್ಟೇ ಕೆಲಸ."

"ಕೈ ಎಲ್ಲಿಡ್ಲಿ?"

"ಸ್ಟೇರಿಂಗ್ ಬಿಟ್ಟು ಎಲ್ಲಾದ್ರೂ ಇಡಿ."

ಅವನು ನಗಲಿಲ್ಲ. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.

ಊರು ದಾಟಿದ ಮೇಲೆ ಮಳೆ ಜೋರಾಯಿತು. ಹೊಂಡ ಕಂಡಲ್ಲೆಲ್ಲ ಅವಳು ಮೊದಲೇ ವೇಗ ಇಳಿಸುತ್ತಿದ್ದಳು, ಮುಂದಿನ ಗಾಡಿಯಿಂದ ದೂರ ಉಳಿಯುತ್ತಿದ್ದಳು. ಆದರೆ ಎದುರಿನಿಂದ ಬರುವವರು ಅವಳ ಮಾತು ಕೇಳುತ್ತಾರೆಯೇ? ದೂರದಲ್ಲಿ ಒಂದು ಬಸ್ಸು ಕಾಣಿಸಿತು. ಅದಕ್ಕೂ ಇವರಿಗೂ ನಡುವೆ ರಸ್ತೆಯಗಲಕ್ಕೆ ನಿಂತ ನೀರು.

ಪಕ್ಕದಲ್ಲಿ ಅವನ ಉಸಿರು ಬದಲಾಯಿತು.

"ಬಸ್ಸು ಬರ್ತಿದೆ," ಎಂದಳು. "ನೋಡಿದ್ದೀನಿ. ಅದರಾಚೆ ಒಂದು ತಿರುವಿದೆ. ಅದನ್ನೂ ನೋಡಿಟ್ಕೊಂಡಿದ್ದೀನಿ. ವೈಪರ್ ಈಗಲೇ ಜೋರು ಮಾಡ್ದೆ."

ಧಬ್...

ಎದುರಿಗೆ ಏನೂ ಇಲ್ಲ. ಬರೀ ಕಂದು ಬಣ್ಣ. ವೈಪರ್ ಒಮ್ಮೆ ಆಡಿತು. ಕೆಸರು ಹೋಗುವ ಬದಲು ಗಾಜಿಗೆಲ್ಲ ಬಳಿದುಕೊಂಡಿತು. ಅವಳ ಬೆನ್ನಲ್ಲಿ ಬೆವರಿಳಿಯಿತು. ದನಿ ಮಾತ್ರ ನಡುಗಲು ಬಿಡಲಿಲ್ಲ.

"ಆಕ್ಸಿಲರೇಟರ್ ಬಿಟ್ಟೆ. ಬ್ರೇಕ್ ಮೇಲೆ ಕಾಲು ಸುಮ್ನೆ ಇಟ್ಟಿದ್ದೀನಿ, ಅದುಮಲ್ಲ. ಚಕ್ರ ನೇರ ಇದೆ. ಸೋಪುನೀರು ಬಿಡ್ತಿದ್ದೀನಿ... ಕೇಳ್ತಿದ್ದೀರಾ?"

ಕಣ್ಣಂಚಿನಲ್ಲಿ ಅವನ ಒಂದು ಕೈ ಬೆಲ್ಟಿನಿಂದ ಮೇಲೆದ್ದದ್ದು ಕಂಡಿತು.

"ಕೇಳ್ತಿದ್ದೀರಾ?"

"ಕೇ... ಕೇಳ್ತಿದ್ದೀನಿ."

"ಪಕ್ಕದ ಕಿಟಕಿಯಲ್ಲಿ ರಸ್ತೆಯ ಬಿಳಿ ಗೆರೆ ಕಾಣ್ತಿದೆ ನಂಗೆ. ಗೆರೆ ಬಾಗ್ತಿದೆ. ಈಗ ನಿಧಾನಕ್ಕೆ ತಿರುಗಿಸ್ತಿದ್ದೀನಿ. ನಾನೇ ತಿರುಗಿಸ್ತಿದ್ದೀನಿ."

ಮೇಲೆದ್ದ ಕೈ ಗಾಳಿಯಲ್ಲಿ ನಿಂತಿತು. ಮತ್ತೆ ಬೆಲ್ಟಿಗೆ ಹೋಗಿ ಅಂಟಿಕೊಂಡಿತು.

ವೈಪರ್ ಇನ್ನೊಮ್ಮೆ ಆಡಿತು. ಮತ್ತೊಮ್ಮೆ. ಗಾಜಿನಲ್ಲಿ ಮೊದಲು ಬೆಳಕು, ಆಮೇಲೆ ರಸ್ತೆ, ಆಮೇಲೆ ತಿರುವಿನ ಆಚೆಯ ಹೊಲಗಳು ಒಂದೊಂದಾಗಿ ಮರಳಿ ಬಂದವು. ಹಿಂದಿನಿಂದ ಯಾವ ಸದ್ದೂ ಬರಲಿಲ್ಲ.

ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿದಳು.

"ಕೈ ಬರ್ಲಿಲ್ಲ," ಎಂದ ಅವನು, ನಂಬಲಾಗದವನ ಹಾಗೆ.

"ನೋಡಿದೆ."

ಅವನು ಬಾಗಿಲು ತೆಗೆದು ಮಳೆಗೆ ಇಳಿದ. ಹೆಗಲ ಮೇಲಿದ್ದ ಬಟ್ಟೆಯಿಂದ ಮುಂದಿನ ಗಾಜನ್ನು ಮೂಲೆಮೂಲೆಯೂ ಬಿಡದೆ ಒರೆಸಿದ. ಅವನ ಮುಖದ ಮೇಲೆ ಹರಿಯುತ್ತಿದ್ದದ್ದು ಬರೀ ಮಳೆಯಲ್ಲ ಎಂದು ಒಳಗಿದ್ದವಳಿಗೆ ಗೊತ್ತಾಯಿತು. ಗೊತ್ತಾದದ್ದನ್ನು ತೋರಿಸಿಕೊಳ್ಳದೆ, ಅವನು ಬಂದು ಕೂರುವವರೆಗೆ ಕನ್ನಡಿ ಸರಿಮಾಡುತ್ತಾ ಕೂತಳು.

*

ಕ್ಲಿನಿಕ್ಕಿನಲ್ಲಿ ಗಾಜು ಕೂರಿಸುವಾಗ ಮಧ್ಯಾಹ್ನ ಕಳೆದಿತ್ತು. ಚೌಕಟ್ಟಿಗೆ ಅಂಟು ಹಾಕಿ, ಇಬ್ಬರೂ ಒಟ್ಟಿಗೆ ಎತ್ತಿ ಒತ್ತಿ ಹಿಡಿದರು. ಅಂಟು ಕಚ್ಚಿಕೊಳ್ಳುವವರೆಗೆ ಯಾರೂ ಕೈ ಸಡಿಲಿಸುವ ಹಾಗಿಲ್ಲ. ಅವಳ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಚಿಕ್ಕಪ್ಪ ಇರ್ಬೇಕು. ಗಾಜು ಇದೆಯೋ, ಇಲ್ವೋ ಅಂತ."

"ಒಂದು ಮಾತು ಹೇಳ್ಲಾ?" ಎಂದ ಅವನು.

"ಈಗಲೇನಾ? ಕೈ ಬಿಡೋಕಾಗಲ್ಲ."

"ಅದಕ್ಕೇ ಈಗ. ಆಮೇಲೆ ನೀವು ಹೊರಟು ಹೋದ್ರೆ ನನ್ನ ಬಾಯಿ ಮತ್ತೆ ಕಟ್ಕೊಳ್ಳುತ್ತೆ."

ಅವಳ ಎದೆ ಬಡಿತ ಅವಳ ಅಂಗೈಗೇ ಇಳಿದು ಗಾಜಿಗೆ ತಾಗುತ್ತಿದೆಯೇನೋ ಎನ್ನಿಸಿತು.

"ಹೇಳಿ."

"ನೀವು 'ಬೇಡ' ಅಂದಾಗೆಲ್ಲ ನಾನು ವಾಪಸ್ ಹೋಗ್ತಿದ್ದೆ. ಆದ್ರೆ ಮಾರನೇ ದಿನ ಅಂಗಡಿಗೆ ಬರೋಕೆ ನಂಗೆ ಇದ್ದ ಕಾರಣ ಅದೊಂದೇ. ನಿಮ್ಮ ಬಾಯಿಂದ ಆ ಒಂದು ಪದ ಕೇಳೋದು." ಅವನು ಗಾಜನ್ನೇ ನೋಡುತ್ತಾ ಹೇಳಿದ. "ನಂಗೆ ನೀವಂದ್ರೆ ಇಷ್ಟ. ಇವತ್ತು ಗಾಡೀಲಿ ಶುರುವಾಗಿದ್ದಲ್ಲ. ಅದಕ್ಕೂ ಮುಂಚೆಯಿಂದ."

ಅವನ ಮುಖ ಕೆಂಪಾಗುತ್ತಾ ಹೋಯಿತು.

"ನಾನು ಧೈರ್ಯವಂತೆ ಅಂತ ಇಷ್ಟಪಟ್ಟಿದ್ರೆ, ಈಗಲೇ ಹೇಳಿಬಿಡ್ತೀನಿ," ಎಂದಳು ಕೊನೆಗೆ. "ಆ ತಿರುವಲ್ಲಿ ನನ್ನ ಕಾಲು ಗಡಗಡ ನಡುಗ್ತಿತ್ತು. ನಿಮಗೋಸ್ಕರ ಮಾತಾಡ್ತಿದ್ದೀನಿ ಅಂದ್ಕೊಂಡ್ರಾ? ಅರ್ಧ ನನಗೋಸ್ಕರ."

"ಗೊತ್ತಾಗ್ಲೇ ಇಲ್ಲ."

"ನೀವು 'ಕೇಳ್ತಿದ್ದೀನಿ' ಅನ್ನದೇ ಇದ್ದಿದ್ರೆ ನಂಗೆ ಆಗ್ತಿರ್ಲಿಲ್ಲ."

ಅವನು ಮೊದಲ ಬಾರಿಗೆ ಗಾಜಿನಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಅವಳೂ ನೋಡಿದಳು. ಅಂಟು ಎಂದೋ ಕಚ್ಚಿಕೊಂಡಿತ್ತು. ಇಬ್ಬರಿಗೂ ಅದು ತಿಳಿದಿತ್ತು. ಇಬ್ಬರೂ ಕೈ ತೆಗೆಯಲಿಲ್ಲ.

"ಅಮ್ಮಂಗೆ ಏನಂತ ಹೇಳ್ಲಿ?" ಎಂದ ಅವನು ಮೆಲ್ಲಗೆ.

"ನೀವು ಹೇಳಿದ್ರೆ ಅರ್ಧ ಹೇಳ್ತೀರಿ. ನಾಳೆ ನಾನೇ ಬಂದು ಹೇಳ್ತೀನಿ."

"ನಾಳೆಯೂ ಮಳೆ ಇದ್ರೆ?"

"ಇದ್ರೇನು," ಎಂದಳು ಅವಳು. "ಬರ್ತೀನಿ."