ಸಜ್ಜಿಗೆಗೆ ಹಾಕಿದ ಸಹಿ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಅಮೆರಿಕದ ಮಾನ್ಮತ್ ಜಂಕ್ಷನ್‌ನ ನಿರುಪಮಾ ಅವರು ಪೊಲೀಸ್ ಠಾಣೆಗೆ ಬಂದು ಡಿಟೆಕ್ಟಿವ್ ಮುಕುಂದನ ಮುಂದೆ ಒಂದು ಜೆರಾಕ್ಸ್ ಪ್ರತಿ ಇಟ್ಟರು. ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದ, ಒಂಟಿಯಾಗಿ ಬದುಕಲಾರದವರಿಗೆ ಬಡಾವಣೆಯ ಎದುರು ಮನೆಗಳನ್ನು ಕಟ್ಟಬಾರದೆಂದು ನೆರೆಹೊರೆ ಸಂಘ, ಕಟ್ಟಡಗಳಿಗೆ ಅನುಮತಿ ಕೊಡುವ ಜೋನಿಂಗ್ ಬೋರ್ಡಿಗೆ ಕೊಟ್ಟ ತಕರಾರು ಅದು. ಮೂವತ್ತೆಂಟು ಸಹಿ. ಹದಿನೇಳನೆಯದು ನಿರುಪಮಾ ಅವರದು.

“ನಾನು ಇದಕ್ಕೆ ಸೈನ್ ಮಾಡಿಲ್ಲಪ್ಪ. ಅಲ್ಲಿ ನಮ್ಮ ಅರ್ಣವ್‌ಗೊಂದು ರೂಮ್ ಸಿಗ್ಲಿ ಅಂತ ನಾಲ್ಕು ವರ್ಷದಿಂದ ಕಾಯ್ತಿದೀನಿ. ನಾನು ಹೋದ್ಮೇಲೆ ನನ್ನ ಮಗನಿಗೆ ಯಾರಿದಾರೆ? ಗುರುವಾರ ಹಿಯರಿಂಗು.”

“ಸಹಿ ಯಾರದು ಆಂಟಿ?”

“ನಂದೇ. ಅದೇ ಅರ್ಥ ಆಗ್ತಿಲ್ಲ.”

ದೂರು ದಾಖಲಾಯಿತು. ಹನ್ನೊಂದಕ್ಕೆ ಮುಕುಂದ ಬೋರ್ಡಿನಿಂದ ಮೂಲ ಪ್ರತಿ ಪಡೆದು ಸ್ಕೇಲಿಟ್ಟು ಅಳೆದ. ಸಹಿಯ ಹಾಳೆಗಳು ಮೊದಲ ಪುಟಕ್ಕಿಂತ ಒಂದಿಂಚು ಗಿಡ್ಡ, ತಲೆಬರಹ ಕತ್ತರಿಸಿದ್ದರು. ಪ್ರತಿ ಹೆಸರಿನ ಮುಂದೂ ಒಂದು ಅಂಕಿ. ಮೂಲೆಯಲ್ಲೊಂದು ಜಿಡ್ಡಿನ ಕಲೆ.

ಮಧ್ಯಾಹ್ನ ಎರಡಕ್ಕೆ, ಇಪ್ಪತ್ತನೆಯ ಸಹಿಯ ಇಮ್ರಾನ್ ಬಾಗಿಲು ತೆರೆದ.

“ಹೆಸರಿನ ಮುಂದೆ ಐದು ಅಂತ ಬರೆದಿದೀರಿ. ಏನದು?”

ಇಮ್ರಾನ್ ನಕ್ಕ. “ಸಜ್ಜಿಗೆ ಡಬ್ಬಿ ಸರ್! ಕ್ಲಬ್‌ಹೌಸಲ್ಲಿ ಸತ್ಯನಾರಾಯಣ ಪೂಜೆ ಆಯ್ತಲ್ಲ, ಒಳಗೆ ಬರೋರೆಲ್ಲ ಸೈನ್ ಮಾಡ್ಬೇಕು, ಎಷ್ಟು ಡಬ್ಬಿ ಬೇಕೋ ಬರೀಬೇಕು ಅಂದ್ರು ಮಹದೇವ್ ಅಂಕಲ್. ನಮ್ಮನೇಲಿ ಎಲ್ರಿಗೂ ಅದಂದ್ರೆ ಪ್ರಾಣ.”

ಮಹದೇವ ಸಂಘದ ಅಧ್ಯಕ್ಷ. ‘ಎಲ್ಲರೂ ತಕರಾರು ಓದಿ ನನ್ನೆದುರೇ ಸಹಿ ಹಾಕಿದರು’ ಎಂದು ಪ್ರಮಾಣ ಮಾಡಿ ಬರೆದುಕೊಟ್ಟವನೂ ಅವನೇ. ಪ್ರಸಾದ ಹಂಚಿದ ಕೈಯಲ್ಲೇ ಕತ್ತರಿ ಹಿಡಿದಿದ್ದ ಮಹಾನುಭಾವ.

ಬುಧವಾರ ಸಂಜೆ ನಾಲ್ಕೂ ಕಾಲಿಗೆ, ಸುಳ್ಳು ದಾಖಲೆ ಸಲ್ಲಿಸಿದ ಆರೋಪದ ಮೇಲೆ ಬಂಧನ. ಮುಕುಂದ ಇಮ್ರಾನನ ಹೇಳಿಕೆ ಓದಿ ಹೇಳಿದಾಗ ಮಹದೇವ ಒಪ್ಪಿಕೊಂಡ.

“ಪೂಜೆಗೆ ಅರ್ಣವ್ ಬಂದಿದ್ನಾ ಅಂಕಲ್?”

“ಬಂದಿದ್ದ. ನಾನೇ ತೀರ್ಥ ಕೊಟ್ಟೆ. ಒಳ್ಳೇ ಹುಡುಗ. ಬರ್ಲಿ, ತಿನ್ಲಿ, ಹೋಗ್ಲಿ. ಅಂಥವರು ಎದುರಿಗೇ ಬಂದು ಇದ್ಬಿಟ್ರೆ? ನನ್ನ ಮಗಳನ್ನ ನೋಡೋಕೆ ಬರೋರು ನಮ್ಮನೆ ಕಿಟಕೀಲಿ ಏನು ನೋಡ್ಬೇಕು ನೀವೇ ಹೇಳಿ.”

ವರದಿಯಲ್ಲಿ ‘ಉದ್ದೇಶ’ ಎಂಬಲ್ಲಿ ಮುಕುಂದ ಆ ಮಾತನ್ನು ಹಾಗೆಯೇ ಬರೆದ. ಒಬ್ಬನ ಹೊಲಸು, ತೊಳೆದರೆ ಹೋದೀತು ಎಂದುಕೊಂಡ.

ಬೋರ್ಡು ಆ ಹಾಳೆಗಳನ್ನು ತಳ್ಳಿಹಾಕಿ ವಿಚಾರಣೆಯನ್ನು ಮುಂದೂಡಿತು. ವಾರದೊಳಗೆ ಸಂಘ ಇಪ್ಪತ್ತೊಂದು ಸಹಿಯ ಹೊಸ ತಕರಾರು ತಂದಿತು. ಮುಕುಂದ ಇಪ್ಪತ್ತೊಂದೂ ಮನೆಯ ಬಾಗಿಲು ತಟ್ಟಿ ವಿಚಾರಿಸಿದ. ಈ ಸಲ ಎಲ್ಲರೂ ಓದಿಯೇ ಸಹಿ ಹಾಕಿದ್ದರು.